ಕಂಕುಳ ತುಂಡು: ಚಿಕ್ಕಮಗಳೂರಿನಿಂದ ಒಂದು ಗಾಲ್ಫ್ ಉಡುಪಿನ ಬ್ರ್ಯಾಂಡ್ ಕಟ್ಟುವ ಬಗೆ

ಕಾಫಿ ಕೊಯ್ಲು ಮುಗಿದ ವಾರ ಅಕ್ಕನ ಮಗ ನನ್ನ ಹೊಲಿಗೆ ಮೇಜಿನ ಮೇಲೆ ಒಂದು ಅಂಗಿ ಹರಡಿದ. ಎದೆಯ ಮೇಲೆ ಎದ್ದು ನಿಂತ ಅಲೆ, ಬೆನ್ನಿನಲ್ಲಿ ಸ್ಕೇಟ್‌ಬೋರ್ಡ್ ಏರಿದ ಅಸ್ಥಿಪಂಜರ, ಅದರ ಕೈಯಲ್ಲಿ ಗಾಲ್ಫ್ ಕೋಲು. "ಚಿಕ್ಕಮ್ಮ, ಗಾಲ್ಫ್ ಆಡುವವರ ಬಟ್ಟೆ ಇಷ್ಟು ಸಪ್ಪೆಯಾಗಿ ಏಕಿರಬೇಕು? ಸರ್ಫಿಂಗ್‌ನವರು, ಸ್ಕೇಟಿಂಗ್‌ನವರು ಮಾಡಿದ ಹಾಗೆ ನಾವೂ ಒಂದು ಬ್ರ್ಯಾಂಡ್ ಮಾಡೋಣ" ಎಂದ. ಅವನಿಗೆ ಅದೇ ಅಂಗಿ ತೊಡಿಸಿ, ಚೆಂಡು ಹೊಡೆಯುವವನ ಹಾಗೆ ಎರಡೂ ಕೈಗಳನ್ನು ಬಲಭುಜದ ಮೇಲಕ್ಕೆ ಎತ್ತಲು ಹೇಳಿದೆ. ಅಂಗಿಯ ಅಂಚು ಹೊಕ್ಕುಳಿನವರೆಗೆ ಏರಿತು. ಚಿತ್ರ ಚೆನ್ನಾಗಿತ್ತು, ಆದರೆ ಅಂಗಿಯನ್ನು ಆಟಕ್ಕೆಂದು ಕತ್ತರಿಸಿರಲಿಲ್ಲ.

ಹಾಸನದ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಸ್ಯಾಂಪಲ್ ವಿಭಾಗದಲ್ಲಿ ಹದಿನಾಲ್ಕು ವರ್ಷ ದುಡಿದು ಊರಿಗೆ ಮರಳಿದವಳು ನಾನು. ಅಂದು ಅವನಿಗೆ ಹೇಳಲು ಶುರು ಮಾಡಿದ್ದು ಒಂದು ಸಂಜೆಯಲ್ಲಿ ಮುಗಿಯಲಿಲ್ಲ. ಇಂಥ ಯೋಚನೆ ಇಟ್ಟುಕೊಂಡ ಬೇರೆ ಹುಡುಗ ಹುಡುಗಿಯರಿಗೂ ಬೇಕಾಗಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ, ಅಲೆಯ ಮೇಲೆ ಹಲಗೆ ಜಾರಿಸುವ ಸರ್ಫಿಂಗ್‌ನವರು ಮತ್ತು ಗಾಲಿಯ ಹಲಗೆ ಓಡಿಸುವ ಸ್ಕೇಟಿಂಗ್‌ನವರು ನಿಜವಾಗಿ ಮಾಡಿದ್ದೇನು ಎಂದು ನೋಡಬೇಕು. 1969ರಲ್ಲಿ ಆಸ್ಟ್ರೇಲಿಯಾದ ಟಾರ್ಕಿ ಎಂಬ ಕಡಲೂರಿನಲ್ಲಿ ಕ್ವಿಕ್‌ಸಿಲ್ವರ್ ಬ್ರ್ಯಾಂಡ್ ಹುಟ್ಟಿದ್ದು ಸರ್ಫಿಂಗ್ ಮಾಡುವವರಿಗೆ ಬೇಕಾದ ಒಂದು ಚಡ್ಡಿಯಿಂದ. ನೀರಿನಲ್ಲಿ ಮಾಮೂಲಿ ಚಡ್ಡಿ ಭಾರವಾಗಿ ಜಾರುತ್ತಿತ್ತು, ತೊಡೆ ಉಜ್ಜಿ ಗಾಯವಾಗುತ್ತಿತ್ತು. ಬೇಗ ಒಣಗುವ, ಸೊಂಟದಲ್ಲಿ ಗಟ್ಟಿಯಾಗಿ ನಿಲ್ಲುವ ಚಡ್ಡಿ ಅವರಿಗೆ ಬೇಕಿತ್ತು. 1973ರಲ್ಲಿ ಅದೇ ದೇಶದ ಗೋಲ್ಡ್ ಕೋಸ್ಟ್‌ನಲ್ಲಿ ಗಾರ್ಡನ್ ಮರ್ಚೆಂಟ್ ದಂಪತಿ ಮನೆಯಲ್ಲೇ ಹೊಲಿದು ಮಾರಿದ ಚಡ್ಡಿಗಳಿಂದ ಬಿಲಬಾಂಗ್ ಬೆಳೆಯಿತು. ಹೊಲಿಗೆ ಬಿಚ್ಚದಿರಲೆಂದು ಅವರು ಮೂರು ಸಾಲು ಹೊಲಿಗೆ ಹಾಕುತ್ತಿದ್ದರು. ಕ್ಯಾಲಿಫೋರ್ನಿಯಾದ ಶಾನ್ ಸ್ಟೂಸಿ ಸರ್ಫ್ ಹಲಗೆಗಳನ್ನು ಕೈಯಾರೆ ಕೆತ್ತಿ, ಅವುಗಳ ಮೇಲೆ ತನ್ನ ರುಜು ಹಾಕುತ್ತಿದ್ದ. 1980ರ ದಶಕದ ಆರಂಭದಲ್ಲಿ ಅದೇ ರುಜುವನ್ನು ಟೀ ಶರ್ಟ್ ಮೇಲೆ ಅಚ್ಚು ಹಾಕಿದ. ಹಲಗೆಯ ಮೇಲೆ ಆ ರುಜುವಿಗೆ ಮೊದಲೇ ಬೆಲೆ ಬಂದಿದ್ದರಿಂದ ಬಟ್ಟೆಯ ಮೇಲೂ ಬಂತು.

ಸ್ಕೇಟಿಂಗ್‌ನ ಕಥೆಯೂ ಇದಕ್ಕೆ ಹತ್ತಿರದ್ದು. ಅಲೆ ಇಲ್ಲದ ದಿನ ಸರ್ಫಿಂಗ್ ಹುಡುಗರು ರಸ್ತೆಗಿಳಿದು ಆಡಿದ ಆಟ ಅದು. 1976–77ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬರ ಬಿದ್ದು ಈಜುಕೊಳಗಳು ಬರಿದಾದಾಗ, ಆ ಹುಡುಗರು ಖಾಲಿ ಕೊಳಗಳ ಬಾಗಿದ ಗೋಡೆಗಳನ್ನೇ ಅಲೆ ಮಾಡಿಕೊಂಡರು. ಇದನ್ನು ಓದುವಾಗಲೆಲ್ಲ ನನಗೆ ನಮ್ಮ ತೋಟದ ಕಾಫಿ ಕಣ ನೆನಪಾಗುತ್ತದೆ. ಬೀಜ ಒಣಗಿ ಮೂಟೆಗೆ ಹೋದ ಮೇಲೆ ನುಣ್ಣನೆಯ ಸಿಮೆಂಟಿನ ಆ ಕಣ ತಿಂಗಳುಗಟ್ಟಲೆ ಖಾಲಿ. ಲೈನ್ ಮನೆಗಳ ಮಕ್ಕಳು ಸೈಕಲ್ ಕಲಿಯುವುದು ಅಲ್ಲೇ. 1966ರಲ್ಲಿ ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ತೆರೆದ ವ್ಯಾನ್ಸ್ ಅಂಗಡಿ ಸ್ಕೇಟಿಂಗ್ ಹುಡುಗರಿಗಾಗಿ ಶೂ ಮಾಡಲು ಹೊರಟಿರಲಿಲ್ಲ. ದಪ್ಪ ರಬ್ಬರ್ ಅಟ್ಟೆ ಹಲಗೆಗೆ ಚೆನ್ನಾಗಿ ಅಂಟುತ್ತದೆಂದು ಕಂಡುಕೊಂಡು ಅವರೇ ಬಂದರು. 1976ರಲ್ಲಿ ಟೋನಿ ಆಲ್ವಾ ಮತ್ತು ಸ್ಟೇಸಿ ಪೆರಾಲ್ಟಾ ಎಂಬ ಇಬ್ಬರು ಸ್ಕೇಟರ್‌ಗಳ ಮಾತು ಕೇಳಿ ಕಂಪನಿ ಕಣಕಾಲಿನ ಸುತ್ತ ಮೆತ್ತೆ ಇಟ್ಟ ಶೂ ಮಾಡಿತು. ಅದು ಇಂದಿಗೂ ಮಾರಾಟವಾಗುತ್ತಿದೆ.

ಅಕ್ಕನ ಮಗನಿಗೆ ನಾನು ಒತ್ತಿ ಹೇಳಿದ್ದು ಇದನ್ನೇ. ಆ ಸಂಸ್ಕೃತಿಯಿಂದ ಎರವಲು ತರಬೇಕಾದದ್ದು ಅಲೆಯ ಚಿತ್ರವನ್ನಲ್ಲ, ಮೈ ನೋಯಿಸಿಕೊಂಡವರ ಮಾತಿನಿಂದ ಬಟ್ಟೆ ಹುಟ್ಟಿದ ಬಗೆಯನ್ನು. ಸರ್ಫಿಂಗ್ ನಮ್ಮಿಂದ ತೀರಾ ದೂರದ್ದೂ ಅಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿದರೆ ಅದೇ ದಿನ ಮೂಲ್ಕಿ ತಲುಪಬಹುದು. ಮಂತ್ರ ಸರ್ಫ್ ಕ್ಲಬ್ ಇರುವುದು ಅಲ್ಲಿ. ಪಕ್ಕದ ಸಸಿಹಿತ್ಲು ಕಡಲತೀರದಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆಯಿತು. ಬ್ರ್ಯಾಂಡ್ ಮಾಡುವವನು ಮೊದಲು ಅಲ್ಲಿಗೆ ಹೋಗಿ ಎರಡು ದಿನ ಉಪ್ಪುನೀರು ಕುಡಿದು ಬರಲಿ.

ಇನ್ನು ಗಾಲ್ಫ್. ಕಾಲರ್ ಇರುವ ಅರ್ಧ ತೋಳಿನ ಪೋಲೋ ಅಂಗಿಯೆಂದರೆ ಗಾಲ್ಫ್ ಎಂದು ನಾವು ತಿಳಿದಿದ್ದೇವೆ. ಅದನ್ನು ಬಳಕೆಗೆ ತಂದವನು ಟೆನಿಸ್ ಆಟಗಾರ ರೆನೆ ಲಕಾಸ್ಟ್. ಉದ್ದ ತೋಳಿನ ಬಿಳಿ ಶರ್ಟಿನಲ್ಲಿ ಬೆವರುವುದು ಸಾಕಾಗಿ, 1926ರಲ್ಲಿ ಅಮೆರಿಕದ ಪಂದ್ಯಕ್ಕೆ ಪಿಕೆ ಎಂಬ ಉಬ್ಬುತಗ್ಗಿನ, ಗಾಳಿಯಾಡುವ ಹೆಣಿಗೆಯ ಮೆತ್ತನೆಯ ಅಂಗಿ ತೊಟ್ಟು ಬಂದ. ಅದೂ ಆಡುವವನ ಕಷ್ಟದಿಂದಲೇ ಹುಟ್ಟಿದ ಬಟ್ಟೆ. ಆತನ ಮಗಳು ಕ್ಯಾಥರೀನ್ 1967ರಲ್ಲಿ ಅಮೆರಿಕದ ಮಹಿಳಾ ಓಪನ್ ಗಾಲ್ಫ್ ಗೆದ್ದಳು. ಹವ್ಯಾಸಿಯಾಗಿ ಆಡಿ ಆ ಪಂದ್ಯ ಗೆದ್ದವರು ಬೇರೆ ಯಾರೂ ಇಲ್ಲ. ಅಂದು ಕ್ರಾಂತಿಯಾಗಿದ್ದ ಅಂಗಿ ಇಂದು ಕ್ಲಬ್ಬುಗಳ ನಿಯಮವಾಗಿ ಕೂತಿದೆ: ಕಾಲರ್ ಇರಬೇಕು, ಜೀನ್ಸ್ ಕೂಡದು, ಅಂಗಿ ಪ್ಯಾಂಟಿನೊಳಗೆ ಇರಬೇಕು.

ಗಾಲ್ಫ್ ಉಡುಪನ್ನೂ ಕಡಲತೀರದ, ಬೀದಿಯ ಉಡುಪನ್ನೂ ಕೂಡಿಸುವ ಪ್ರಯತ್ನ ಈಗಾಗಲೇ ನಡೆದಿದೆ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 2007ರಲ್ಲಿ ಶುರುವಾದ ಟ್ರಾವಿಸ್‌ಮ್ಯಾಥ್ಯೂ ಕಡಲತೀರದ ಸಡಿಲತೆಯನ್ನು ಗಾಲ್ಫ್ ಅಂಗಿಗೆ ತಂದಿತು. ಹತ್ತು ವರ್ಷದಲ್ಲಿ ಗಾಲ್ಫ್ ಸಾಮಗ್ರಿಯ ದೊಡ್ಡ ಕಂಪನಿ ಕ್ಯಾಲವೇ ಅದನ್ನು ಕೊಂಡುಕೊಂಡಿತು. 2017ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಮಾಲ್ಬನ್ ಗಾಲ್ಫ್ ಬೀದಿಯ ಉಡುಪಿನ ಕಡೆಗೆ ಇನ್ನೂ ವಾಲಿತು. ಅದರ ದೊಡ್ಡ ಅಕ್ಷರಗಳ ತೋಳಿಲ್ಲದ ಸ್ವೆಟರ್ ತೊಟ್ಟು ಆಸ್ಟ್ರೇಲಿಯಾದ ಗಾಲ್ಫ್ ಆಟಗಾರ ಜೇಸನ್ ಡೇ 2024ರ ಮಾಸ್ಟರ್ಸ್ ಎಂಬ ದೊಡ್ಡ ಪಂದ್ಯಕ್ಕೆ ಇಳಿದಾಗ, ಸಂಘಟಕರು ಅದನ್ನು ತೆಗೆಯಲು ಕೇಳಿಕೊಂಡರು, ಆತ ತೆಗೆದ. ಈ ಪ್ರಸಂಗವನ್ನು ಹೊಸಬರು ಚೆನ್ನಾಗಿ ನೆನಪಿಡಬೇಕು. ಸ್ಕೇಟಿಂಗ್ ಬೆಳೆದದ್ದು ಯಾರೂ ಬಾಗಿಲು ಹಾಕಲಾಗದ ಬೀದಿಯಲ್ಲಿ. ಗಾಲ್ಫ್ ಮೈದಾನಕ್ಕೆ ಗೇಟು ಇದೆ, ಗೇಟಿನಲ್ಲಿ ನಿಯಮ ಇದೆ. ನಿಮ್ಮ ಗಿರಾಕಿಯನ್ನು ಗೇಟಿನಿಂದ ಹಿಂದಕ್ಕೆ ಕಳಿಸುವ ಅಂಗಿ ಎಷ್ಟು ಚೆಂದವಿದ್ದರೂ ಅದು ಅವನಿಗೆ ಮಾಡಿದ ಅನ್ಯಾಯ. ಮಾದರಿ ಹೊಲಿಸುವ ಮುನ್ನ ನಮ್ಮೂರಿನ ಗಾಲ್ಫ್ ಕ್ಲಬ್ಬಿಗೂ ಬೆಂಗಳೂರಿನ ಒಂದೆರಡು ಕ್ಲಬ್ಬಿಗೂ ಹೋಗಿ ಉಡುಪಿನ ನಿಯಮವನ್ನು ಬರಹದಲ್ಲೇ ಪಡೆಯಿರಿ. ಕಾಲರ್ ಉಳಿಸಿಕೊಂಡೇ ಮಾಡಬಹುದಾದದ್ದು ಬಹಳ ಇದೆ.

ಆಟಗಳ ಒಳಗೆ ಹೊಕ್ಕು ನೋಡಿದರೆ ಇವು ಅಷ್ಟೇನೂ ಬೇರೆಯಲ್ಲ. ಒಬ್ಬನೇ ನೆಲವನ್ನು ಅಥವಾ ನೀರನ್ನು ಓದುತ್ತಾನೆ, ಒಂದೇ ಚಲನೆಯನ್ನು ಸಾವಿರ ಸಲ ಮಾಡುತ್ತಾನೆ, ತಪ್ಪಿದಾಗ ಬೈಯಲು ಜೊತೆಗಾರನಿಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸರ್ಫಿಂಗ್ ಮತ್ತು ಸ್ಕೇಟ್‌ಬೋರ್ಡಿಂಗ್ ಮೊದಲ ಸಲ ಸ್ಪರ್ಧೆಗಳಾದವು. ಅದೇ ಕ್ರೀಡಾಕೂಟದಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಗಾಲ್ಫ್‌ನಲ್ಲಿ ನಾಲ್ಕನೆಯವರಾಗಿ ನಮ್ಮನ್ನೆಲ್ಲ ಬೆಳಗಿನ ಜಾವ ಟಿ.ವಿ. ಮುಂದೆ ಕೂರಿಸಿದ್ದರು.

ಈಗ ಅಂಗಿಗೆ ಬರೋಣ. ಅಕ್ಕನ ಮಗನ ಅಂಗಿ ಏಕೆ ಮೇಲೇರಿತು? ತೋಳು ಮೈಗೆ ಕೂಡುವ ಸುತ್ತನ್ನು ಟೇಲರ್‌ಗಳು ಆರ್ಮ್‌ಹೋಲ್ ಎನ್ನುತ್ತಾರೆ. ಸ್ಕೇಟಿಂಗ್‌ನವರ ದೊಗಳೆ ಅಂಗಿಯಲ್ಲಿ ಭುಜದ ಹೊಲಿಗೆ ತೋಳಿನ ಮೇಲೆ ಇಳಿದಿರುತ್ತದೆ, ಆರ್ಮ್‌ಹೋಲ್ ಪಕ್ಕೆಯವರೆಗೆ ಕೆಳಗಿರುತ್ತದೆ. ಸಡಿಲವಾದ ಬಟ್ಟೆಯಲ್ಲಿ ಕೈ ಆಡುವುದು ಸುಲಭ ಎಂದು ಯಾರಿಗಾದರೂ ಅನಿಸುತ್ತದೆ. ನಿಜಸ್ಥಿತಿ ಬೇರೆ. ಆರ್ಮ್‌ಹೋಲ್ ಕೆಳಗಿದ್ದಷ್ಟೂ ತೋಳು ಎತ್ತಿದಾಗ ಪಕ್ಕೆಯ ಬಟ್ಟೆಯನ್ನೆಲ್ಲ ಎಳೆದುಕೊಂಡು ಹೋಗುತ್ತದೆ. ಆರ್ಮ್‌ಹೋಲ್ ಕಂಕುಳಿಗೆ ಹತ್ತಿರವಿದ್ದರೆ ತೋಳು ಮಾತ್ರ ಏಳುತ್ತದೆ, ಮೈಭಾಗ ಅಲ್ಲೇ ಉಳಿಯುತ್ತದೆ. ಆದ್ದರಿಂದ ಮೈಯನ್ನು ಅಗಲವಾಗಿ, ಚೌಕವಾಗಿ ಇಡಿ. ಸ್ಕೇಟಿಂಗ್‌ನ ನೋಟ ಅಲ್ಲಿ ಸಿಗುತ್ತದೆ. ಆರ್ಮ್‌ಹೋಲನ್ನು ಮೇಲಕ್ಕೆ ತನ್ನಿ. ಕಂಕುಳಲ್ಲಿ ವಜ್ರದಾಕಾರದ ಒಂದು ಸಣ್ಣ ತುಂಡು ಸೇರಿಸಿ. ಇದು ಹೊಸದೇನಲ್ಲ, ಹಿಂದಿನ ದರ್ಜಿಗಳು ಜುಬ್ಬಾಗಳಿಗೆ ಇಡುತ್ತಿದ್ದ ತುಂಡೇ. ಹಿಗ್ಗದ ಬಟ್ಟೆಯಲ್ಲೂ ಕೈ ಸಲೀಸಾಗಿ ಎತ್ತಲು ಅವರು ಕಂಡುಕೊಂಡಿದ್ದ ಉಪಾಯವದು. ಅಂಗಿಯ ಬೆನ್ನಿನ ಅಂಚನ್ನು ಮುಂದಿಗಿಂತ ಎರಡು ಇಂಚು ಉದ್ದ ಬಿಟ್ಟರೆ ಬಗ್ಗಿದಾಗ ಸೊಂಟ ಕಾಣುವುದಿಲ್ಲ. ಗಾಲ್ಫ್ ಆಡುವವನು ಒಂದು ಸುತ್ತಿನಲ್ಲಿ ಟೀ ಎಂಬ ಚೆಂಡು ಕೂರಿಸುವ ಪುಟ್ಟ ಗೂಟ ನೆಡಲು, ಚೆಂಡು ಎತ್ತಲು ಎಷ್ಟು ಸಲ ಬಗ್ಗುತ್ತಾನೆಂದು ಎಣಿಸಿ ನೋಡಿ.

ಜೇಬಿನ ಮಾತು. ನಿಯಮದ ಪ್ರಕಾರ ಗಾಲ್ಫ್ ಚೆಂಡಿನ ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆ ಇರಬಾರದು, ತೂಕ 45.93 ಗ್ರಾಂ ಮೀರಬಾರದು. ಎರಡು ಚೆಂಡು ಹಾಕಿದರೆ ತೆಳು ಪ್ಯಾಂಟಿನ ಜೇಬು ಜೋತು ಬೀಳುತ್ತದೆ, ನಡೆಯುವಾಗ ತೊಡೆಗೆ ಬಡಿಯುತ್ತದೆ. ಸರ್ಫ್ ಚಡ್ಡಿಯ ಮುಚ್ಚಳವಿರುವ ಪಕ್ಕದ ಜೇಬು ಇಲ್ಲಿ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ನೀರು ಸೋರಲೆಂದು ಅದರ ತಳದಲ್ಲಿ ಇಡುವ ಲೋಹದ ಕಣ್ಣು ಮಲೆನಾಡಿನ ಮಳೆಗೂ ಒಳ್ಳೆಯದೇ.

ಬಟ್ಟೆಯ ಆಯ್ಕೆಯನ್ನು ಹವಾಮಾನ ಮಾಡಬೇಕು. ಚಿಕ್ಕಮಗಳೂರು ಸಾವಿರ ಮೀಟರಿಗೂ ಎತ್ತರದಲ್ಲಿದೆ. ಜನವರಿಯ ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ, ಹತ್ತು ಗಂಟೆಗೆ ಚುರುಗುಟ್ಟುವ ಬಿಸಿಲು, ಜೂನ್ ಬಂತೆಂದರೆ ಬಿಡದ ಜಡಿಮಳೆ. ಹತ್ತಿ ಮೈಗೆ ಹಿತ, ಆದರೆ ನೆನೆದರೆ ಭಾರ, ಒಣಗಲು ದಿನಗಟ್ಟಲೆ. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಬೆವರಿನ ವಾಸನೆ ಹಿಡಿದಿಟ್ಟುಕೊಳ್ಳುತ್ತದೆ. ಎರಡೂ ಬೆರೆತ, ಚದರ ಮೀಟರಿಗೆ 180ರಿಂದ 220 ಗ್ರಾಂ ತೂಗುವ ಪಿಕೆ ನಮ್ಮ ಊರಿಗೆ ಹೊಂದುತ್ತದೆಂಬುದು ನನ್ನ ಅನುಭವ. ಕೊಂಡ ಬಟ್ಟೆಯನ್ನು ಕತ್ತರಿಸುವ ಮೊದಲು ಒಂದು ಮೀಟರ್ ತೆಗೆದು ಮೂರು ಸಲ ಒಗೆದು ಒಣಗಿಸಿ ಅಳೆಯಿರಿ. ಕುಗ್ಗುವಿಕೆಯನ್ನು ಲೆಕ್ಕಕ್ಕೆ ಹಿಡಿಯದೆ ಕತ್ತರಿಸಿದ ಎಲ್ ಅಳತೆಯ ಅಂಗಿ ಎರಡನೇ ತಿಂಗಳಿಗೆ ಎಂ ಆಗುತ್ತದೆ.

ಅಚ್ಚಿನಲ್ಲಿ ಹೊಸಬರು ಮೋಸಹೋಗುವುದು ಹೆಚ್ಚು. ಅಂಗಿಯ ಉದ್ದಗಲಕ್ಕೂ ಚಿತ್ರ ಬೇಕೆಂದರೆ ಸಬ್ಲಿಮೇಷನ್ ಮಾಡಬೇಕು. ಬಿಸಿಯಲ್ಲಿ ಬಣ್ಣ ಆವಿಯಾಗಿ ನೂಲಿನೊಳಗೆ ಸೇರುತ್ತದೆ. ಆದರೆ ಅದು ಹಿಡಿಯುವುದು ಪಾಲಿಯೆಸ್ಟರಿಗೆ, ಅದೂ ತಿಳಿಬಣ್ಣದ ಬಟ್ಟೆಗೆ. ಹತ್ತಿಗೆ ಸ್ಕ್ರೀನ್ ಪ್ರಿಂಟ್ ಸರಿ, ಆದರೆ ದೊಡ್ಡ ಚಿತ್ರವಾದರೆ ಬೆನ್ನಿಗೆ ರಬ್ಬರ್ ಹಾಳೆ ಅಂಟಿಸಿದಂತಾಗಿ ಗಾಳಿಯಾಡುವುದಿಲ್ಲ. ನಾನೇ ಒಮ್ಮೆ ಪರಿಚಿತರ ಓಟದ ತಂಡಕ್ಕೆಂದು ಕಡುಗೆಂಪು ಪಾಲಿಯೆಸ್ಟರ್ ಅಂಗಿಗಳ ಮೇಲೆ ಬಿಳಿ ಅಕ್ಷರ ಹಾಕಿಸಿದೆ. ತಂದ ದಿನ ಮಲ್ಲಿಗೆಯಂತಿದ್ದ ಅಕ್ಷರ ವಾರದೊಳಗೆ ಗುಲಾಬಿ ಬಣ್ಣಕ್ಕೆ ತಿರುಗಿತು. ಶಾಖಕ್ಕೆ ಬಟ್ಟೆಯ ಕೆಂಪು ಬಣ್ಣ ಮೇಲಿನ ಶಾಯಿಗೆ ಏರಿತ್ತು. ಅದನ್ನು ತಡೆಯುವ ಅಡಿಪದರವನ್ನು ಅಚ್ಚಿನವರು ಹಾಕಿರಲಿಲ್ಲ, ಕೇಳಬೇಕೆಂಬುದು ನನಗೂ ಹೊಳೆದಿರಲಿಲ್ಲ. ಅರವತ್ತು ಅಂಗಿ ಹಾಳಾದವು. ಮೊದಲ ವರ್ಷ ಎದೆಯ ಮೇಲೆ ಒಂದು ಪುಟ್ಟ ಕಸೂತಿ ಸಾಕು.

ಏನನ್ನು ಕಸೂತಿ ಮಾಡಬೇಕು? ತಾಳೆಮರ, ತಲೆಬುರುಡೆ ಎಲ್ಲ ಬೇರೆಯವರ ಬದುಕಿನವು. ನಮ್ಮಲ್ಲಿ ಮಳೆಗಾಲದಲ್ಲಿ ನಾಟಿ ಗದ್ದೆಗೆ ಬಿದಿರು, ಎಲೆಗಳಿಂದ ಹೆಣೆದ ಗೊರಬು ಹೊದ್ದು ಇಳಿಯುತ್ತಿದ್ದರು, ಕಂಬಳಿಕೊಪ್ಪೆ ಹಾಕಿಕೊಂಡು ತೋಟಕ್ಕೆ ಹೋಗುತ್ತಿದ್ದರು. ಗೊರಬು ಬೆನ್ನನ್ನು ಮುಚ್ಚಿ ಎರಡೂ ಕೈಗಳನ್ನು ಕೆಲಸಕ್ಕೆ ಬಿಡುತ್ತದೆ. ಗಾಲ್ಫ್ ಮಳೆ ಅಂಗಿಗೆ ಬೇಕಾದ ಗುಣವೂ ಅದೇ. ಆ ಆಕಾರವನ್ನು ಚಿತ್ರವಾಗಿ ಅಂಟಿಸುವುದಕ್ಕಿಂತ ಅಂಗಿಯ ಬೆನ್ನಿನ ವಿನ್ಯಾಸಕ್ಕೇ ತಂದರೆ ಅದು ನಮ್ಮದೇ ಅಂಗಿಯಾಗುತ್ತದೆ.

ಹೊಲಿಯುವವರು ಯಾರು? ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಜವಳಿಗೆಂದೇ ವಿಶೇಷ ಆರ್ಥಿಕ ವಲಯವಿದೆ. ಹಿಮತ್‌ಸಿಂಗ್ಕಾ ಕಂಪನಿ ಹಾಸಿಗೆಯ ಹೊದಿಕೆ ತಯಾರಿಸಿ ಹೊರದೇಶಕ್ಕೆ ಕಳಿಸುವುದು ಅಲ್ಲಿಂದ. ದೊಡ್ಡ ಕಾರ್ಖಾನೆಗಳು ಮುನ್ನೂರು ಅಂಗಿಯ ಕೆಲಸ ಹಿಡಿಯುವುದಿಲ್ಲ. ಆದರೆ ಅಲ್ಲಿ ದುಡಿದು, ಮದುವೆಯಾಗಿ, ಮಕ್ಕಳಾಗಿ ಮನೆಯಲ್ಲಿರುವ ಹೆಣ್ಣುಮಕ್ಕಳು ಹಾಸನ, ಬೇಲೂರು, ಅರಸೀಕೆರೆ ಕಡೆಯ ಊರೂರಿನಲ್ಲಿದ್ದಾರೆ. ಇವರ ಕೌಶಲವನ್ನು ತಿಳಿದು ಬಳಸಬೇಕು. ಕಾರ್ಖಾನೆಯ ಸಾಲಿನಲ್ಲಿ ಒಂದು ಪೋಲೋ ಅಂಗಿ ಇಪ್ಪತ್ತು ಮೂವತ್ತು ಕೆಲಸಗಳಾಗಿ ಒಡೆದಿರುತ್ತದೆ. ಆರು ವರ್ಷ ಕಾಲರ್ ಮಾತ್ರ ಕೂಡಿಸಿದವಳ ಕಾಲರ್ ಕಣ್ಣಿಗೊತ್ತಿಕೊಳ್ಳುವಂತಿರುತ್ತದೆ. ಅವಳಿಗೆ ಪೂರ್ತಿ ಅಂಗಿ ಕೊಟ್ಟರೆ ತೋಳಿನಲ್ಲಿ ತಡವರಿಸುತ್ತಾಳೆ. ಕಾಲರಿನವಳು, ಬಟನ್ ಪಟ್ಟಿಯವಳು, ಓವರ್‌ಲಾಕ್‌ನವಳು, ಕಾಜಾದವಳು ಎಂದು ಐದಾರು ಜನರನ್ನು ಒಂದೆಡೆ ಕೂರಿಸಿದರೆ ಒಳ್ಳೆಯ ಪುಟ್ಟ ಘಟಕ ನಿಲ್ಲುತ್ತದೆ. ಪೀಸಿಗಿಷ್ಟು ಎಂದು ಕೂಲಿ ಮಾತಾಡುವಾಗ ಬಿಚ್ಚಿ ಹೊಲಿಯುವ ಸಮಯವನ್ನೂ ಸೇರಿಸಿ. ಹೊಸ ಮಾದರಿಯಲ್ಲಿ ಅದು ಬಹಳ ಬರುತ್ತದೆ, ಅದರ ಭಾರ ಹೊಲಿಯುವವಳ ಮೇಲೆ ಬೀಳಬಾರದು. ಹೆಣಿಗೆ ಬಟ್ಟೆಗೆ ತಿರುಪೂರಿಗೆ ಹೋಗಬೇಕು. ನಿಮ್ಮದೇ ಬಣ್ಣ ಬೇಕೆಂದರೆ ಬಣ್ಣದ ಘಟಕಗಳು ಕನಿಷ್ಠ ಇಷ್ಟು ಕಿಲೋ ಎನ್ನುತ್ತವೆ. ಮೊದಲ ಸಲಕ್ಕೆ ಸಿದ್ಧವಿರುವ ಬಣ್ಣದ ಬಟ್ಟೆಯನ್ನೇ, ಎಲ್ಲವನ್ನೂ ಒಂದೇ ಲಾಟಿನಿಂದ ತನ್ನಿ.

ಲೆಕ್ಕವನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ದರಗಳು ನಾನು ಲೆಕ್ಕಕ್ಕೆಂದು ಇಟ್ಟುಕೊಂಡವು, ನಿಮ್ಮವನ್ನು ನೀವು ಹಾಕಿಕೊಳ್ಳಿ. ಬಟ್ಟೆ ಕಿಲೋಗೆ 600 ರೂಪಾಯಿ, ಒಂದು ಕಿಲೋದಲ್ಲಿ ಮೂರು ಅಂಗಿ: ತಲಾ 200. ಕತ್ತರಿಸಿ ಹೊಲಿಯಲು 130, ಕಾಲರ್ ಬಟನ್ ದಾರ ಲೇಬಲ್‌ಗೆ 45, ಕಸೂತಿಗೆ 25, ಪ್ಯಾಕಿಂಗ್‌ಗೆ 20. ಒಟ್ಟು 420. ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ಮಾದರಿಗಳಿಗೆ, ಪ್ಯಾಟರ್ನ್‌ಗೆ ಖರ್ಚಾದ 30,000 ರೂಪಾಯಿಯನ್ನು 300 ಅಂಗಿಗೆ ಹಂಚಿದರೆ ತಲಾ 100. ಸಾಗಣೆ, ಕೆಟ್ಟ ಪೀಸುಗಳಿಗೆ 40. ಈಗ 560. ತೆರಿಗೆ ಬಿಟ್ಟು 1,600ಕ್ಕೆ ಮಾರುತ್ತೀರಿ, ಅಂಗಡಿಯವರು ಶೇಕಡಾ 40 ಇಟ್ಟುಕೊಳ್ಳುತ್ತಾರೆ ಎಂದರೆ ಕೈಗೆ ಬರುವುದು 960. ಮುನ್ನೂರೂ ಮಾರಿದರೆ ಉಳಿಯುವುದು 1,20,000. ನೂರು ಅಂಗಿ ಮಾರಾಟವಾಗದೆ ಉಳಿದರೆ? ಬಂದದ್ದು 1,92,000, ಹಾಕಿದ್ದು 1,68,000, ಕೈಯಲ್ಲಿ 24,000. ಒಂದು ವರ್ಷದ ದುಡಿಮೆ ಕಪಾಟಿನಲ್ಲಿ ಮಡಚಿ ಕೂತಿರುತ್ತದೆ.

ಆ ನೂರು ಅಂಗಿ ಹೇಗೆ ಉಳಿಯುತ್ತವೆಂದು ಗೊತ್ತೆ? ಐದು ಅಳತೆ, ಮೂರು ಬಣ್ಣವೆಂದರೆ ಹದಿನೈದು ಗುಂಪು, ಗುಂಪಿಗೆ ಇಪ್ಪತ್ತೇ ಅಂಗಿ. ಕೇಳಿದವರಿಗೆ ಅವರ ಅಳತೆಯ ಹಸಿರು ಮುಗಿದಿರುತ್ತದೆ, ಯಾರಿಗೂ ಬೇಡದ ಹಳದಿ ಎಸ್ ಉಳಿದಿರುತ್ತದೆ. ಒಂದೇ ಮಾದರಿ, ಒಂದೇ ಬಣ್ಣ ಮಾಡಿ. ಎಸ್‌ನಿಂದ ಡಬಲ್ ಎಕ್ಸ್‌ಎಲ್‌ವರೆಗೆ 1:2:3:2:1ರಂತೆ ಹಂಚಿ. ಕ್ವಿಕ್‌ಸಿಲ್ವರ್, ಬಿಲಬಾಂಗ್ ನಿಂತದ್ದು ಒಂದು ಚಡ್ಡಿಯ ಮೇಲೆ ಎಂಬುದನ್ನು ಮರೆಯಬಾರದು. ಮುಂದೆ ಎಲ್ಲ ಮಾಲ್‌ಗಳಲ್ಲೂ ಎಲ್ಲವನ್ನೂ ಮಾರುವಷ್ಟು ಹಬ್ಬಿದ ಕ್ವಿಕ್‌ಸಿಲ್ವರ್, 2015ರಲ್ಲಿ ಅಮೆರಿಕದಲ್ಲಿ ದಿವಾಳಿ ರಕ್ಷಣೆ ಕೇಳಿ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು.

ಬೆಲೆ ನಿಗದಿ ಮಾಡುವಾಗ ಜಿಎಸ್‌ಟಿಯ ಗೆರೆ ಕಣ್ಣ ಮುಂದಿರಲಿ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇಕಡಾ 5, ಅದಕ್ಕಿಂತ ಮೇಲೆ ಶೇಕಡಾ 18. 2,500ರ ಅಂಗಿಗೆ ಗಿರಾಕಿ 2,625 ಕೊಡುತ್ತಾನೆ. 2,501 ಎಂದು ಬರೆದರೆ ಅದೇ ಅಂಗಿ ಸುಮಾರು 2,951 ಆಗುತ್ತದೆ. ಹೊರರಾಜ್ಯಕ್ಕೆ ಮಾರುವುದಾದರೆ ವಹಿವಾಟು ಚಿಕ್ಕದಿದ್ದರೂ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ಸಣ್ಣ ಉದ್ಯಮಗಳಿಗೆಂದು ಕೇಂದ್ರ ಸರ್ಕಾರ ಮಾಡುವ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಟ್ರೇಡ್‌ಮಾರ್ಕ್‌ನಲ್ಲಿ ಉಡುಪು ಬರುವುದು 25ನೇ ವರ್ಗದಲ್ಲಿ. ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಆನ್‌ಲೈನ್ ಅರ್ಜಿಗೆ ವರ್ಗವೊಂದಕ್ಕೆ 4,500 ರೂಪಾಯಿ, ಸಿಕ್ಕರೆ ಹತ್ತು ವರ್ಷ ಬಾಳಿಕೆ. ಊರಿನ ಹೆಸರನ್ನೋ ಬೆಟ್ಟದ ಹೆಸರನ್ನೋ ಹಾಗೆಯೇ ಇಟ್ಟರೆ ಅದು ಸ್ಥಳಸೂಚಕವೆಂದು ಆಕ್ಷೇಪ ಬರುವ ಸಾಧ್ಯತೆ ಹೆಚ್ಚು. ಅಕ್ಕನ ಮಗ ಮುಳ್ಳಯ್ಯನಗಿರಿಯ ಹೆಸರಿಡಬೇಕೆಂದಿದ್ದ. ಬೆಟ್ಟ ಎಲ್ಲರದು, ಅದನ್ನು ನಮ್ಮ ಲೇಬಲ್ ಮಾಡಿಕೊಳ್ಳುವುದು ಬೇಡ ಎಂದೆ.

ಕೊನೆಗೆ ಉಳಿದದ್ದು ಎಲ್ಲಕ್ಕಿಂತ ದೊಡ್ಡದು: ಯಾರ ಮಾತು ಕೇಳಬೇಕು? ವ್ಯಾನ್ಸ್‌ಗೆ ಆಲ್ವಾ, ಪೆರಾಲ್ಟಾ ಇದ್ದ ಹಾಗೆ ನಮ್ಮ ಗಾಲ್ಫ್ ಮೈದಾನಗಳಲ್ಲಿ ಕ್ಯಾಡಿಗಳಿದ್ದಾರೆ. ಚೀಲ ಹೊತ್ತು, ಮಳೆ ಬಿಸಿಲೆನ್ನದೆ ದಿನಕ್ಕೆ ಒಂದೋ ಎರಡೋ ಸುತ್ತು ನಡೆಯುವವರು ಅವರು. ಆಟವನ್ನು ಅವರಷ್ಟು ಹತ್ತಿರದಿಂದ ಬಲ್ಲವರು ಕಡಿಮೆ. 1991ರಲ್ಲಿ ಗಾಲ್ಫ್‌ನ ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ವೃತ್ತಿಪರ ಆಟಗಾರ ಅಲಿ ಶೇರ್ ಕ್ಯಾಡಿಯಾಗಿದ್ದವರು. 2009ರಲ್ಲಿ ಅದೇ ಪ್ರಶಸ್ತಿ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಕೂಡ ಕ್ಯಾಡಿಯಾಗಿಯೇ ಆಟ ಕಲಿತವರು. ಹೊಸ ಬ್ರ್ಯಾಂಡಿನವರು ಮೊದಲ ಅಂಗಿಗಳನ್ನು ಇನ್‌ಸ್ಟಾಗ್ರಾಮ್‌ನ ಜನಪ್ರಿಯರಿಗೆ ಕಳಿಸುತ್ತಾರೆ. ನಾನು ಹಾಗಲ್ಲ ಎಂದೆ. ಮೊದಲ ಹತ್ತು ಅಂಗಿ ಕ್ಯಾಡಿಗಳಿಗೆ ಹೋಗಲಿ, ತೊಟ್ಟು ನೋಡಿ ಹೇಳಿದ್ದಕ್ಕೆ ಅವರಿಗೆ ಸಂಬಳ ಸಿಗಲಿ, ಅವರು ಹೇಳಿದ ಪ್ರತಿ ಮಾತನ್ನೂ ಪುಸ್ತಕದಲ್ಲಿ ಬರೆದಿಡಲಿ.

ಎರಡನೇ ಮಾದರಿಯನ್ನು ನಾನೇ ಕತ್ತರಿಸಿದೆ: ಎತ್ತರದ ಆರ್ಮ್‌ಹೋಲ್, ಕಂಕುಳಲ್ಲಿ ತುಂಡು, ಉದ್ದದ ಬೆನ್ನು. ಆರು ಅಂಗಿ ಮೂರು ವಾರ ಮೈದಾನ ಸುತ್ತಿ ಬಂದವು. ತೋಳು ಸರಿಯಾಗಿದೆ, ಅಂಗಿ ಮೇಲೇರುವುದಿಲ್ಲ ಎಂದು ಎಲ್ಲರೂ ಒಪ್ಪಿದ್ದರು. ಒಬ್ಬ ಹಿರಿಯ ಕ್ಯಾಡಿ ಮಾತ್ರ ಅಂಗಿಯ ಭುಜವನ್ನು ನನ್ನ ಮುಂದೆ ಹಿಡಿದು, "ಚೀಲದ ಪಟ್ಟಿ ಕೂರುವುದು ನಿಮ್ಮ ಈ ಹೊಲಿಗೆಯ ಮೇಲೆಯೇ ಅಮ್ಮ, ಒಂಬತ್ತನೇ ಹೋಲ್‌ಗೆ ಬರುವಷ್ಟರಲ್ಲಿ ಕೊರೆಯುತ್ತದೆ" ಎಂದರು. ಭುಜದ ಹೊಲಿಗೆಯನ್ನು ಒಂದೂವರೆ ಇಂಚು ಮುಂದಕ್ಕೆ ಸರಿಸಿ ಪ್ಯಾಟರ್ನ್ ಮತ್ತೆ ಬರೆದಿದ್ದೇನೆ. ಮೂರನೇ ಮಾದರಿಗೆ ಬಟ್ಟೆ ನಾಳೆ ಕತ್ತರಿಸುತ್ತೇವೆ.